ಹಳೇ ಪಿಂಗಾಣಿ ಹೂಜಿ ಕೊಳ್ಳುವ ಮುನ್ನ ಒಂದು ಬಾಟಲಿ ನೀರು ಇಟ್ಟುಕೊಳ್ಳಿ

ನಮ್ಮ ಅತ್ತಿಗೆ ಹೋದ ವರ್ಷ ಸಂತೆಯಿಂದ ಒಂದು ಹಳೇ ಹೂಜಿ ತಂದರು. ಬಿಳಿ ಮೈ, ನೀಲಿ ಬಳ್ಳಿ, ಕೊಕ್ಕಿನಂಥ ಮೂತಿ. ಗೌರಿ ಹಬ್ಬಕ್ಕೆ ನೆಂಟರು ಬಂದಾಗ ಮೇಜಿನ ಮೇಲಿಡುವ ಆಸೆ. ತಂದವರೇ ಕೊಳೆ ಹೋಗಲಿ ಅಂತ ಕುದಿಯುವ ನೀರು ಸುರಿದರು. ಸ್ವಲ್ಪ ಹೊತ್ತಿಗೆ ಹಿಡಿ ಅವರ ಕೈಯಲ್ಲಿ, ಹೂಜಿ ಸಿಂಕಿನಲ್ಲಿ. ಮುರಿದಿದ್ದ ಹಿಡಿಯನ್ನು ಯಾರೋ ಅಂಟು ಹಾಕಿ ಕೂರಿಸಿ, ಮೇಲೆ ಬಣ್ಣ ಬಳಿದು ಮಾರಿದ್ದರು. ಬಿಸಿಗೆ ಅಂಟು ಮೆತ್ತಗಾಯಿತು, ಅಷ್ಟೇ.

ಇಂಥದ್ದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಏನು ಬೇಕು ಅಂತ ಮನೆಯಲ್ಲೇ ತೀರ್ಮಾನಿಸಿ

ಒಂದು ಬಣ್ಣ ಆರಿಸಿಕೊಳ್ಳಿ. ನನ್ನ ಮಟ್ಟಿಗೆ ನೀಲಿ-ಬಿಳಿ. ಪೂರ್ತಿ ಸೆಟ್ಟಿನ ಹಿಂದೆ ಬೀಳಬೇಡಿ. ಬೇರೆ ಬೇರೆ ವಿನ್ಯಾಸದ ಆರು ನೀಲಿ ತಟ್ಟೆ ಒಟ್ಟಿಗಿಟ್ಟರೆ ಸೆಟ್ಟಿಗಿಂತ ಚೆನ್ನಾಗಿ ಕಾಣುತ್ತವೆ. ಒಂದು ಒಡೆದರೆ ಹೊಟ್ಟೆ ಉರಿಯುವುದೂ ಕಡಿಮೆ.

2. ಎಲ್ಲಿ ಹುಡುಕುವುದು

ಬೆಂಗಳೂರಿನ ಸಂಡೇ ಬಜಾರ್‌ಗೆ ಬೆಳಗ್ಗೆ ಬೇಗ ಹೋಗಿ. ಮುಂಬೈಗೆ ಹೋದರೆ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್, ಕೇರಳಕ್ಕೆ ಹೋದರೆ ಮಟ್ಟಾಂಚೇರಿ, ತಮಿಳುನಾಡಿನಲ್ಲಿ ಕಾರೈಕುಡಿ. ಇವೆಲ್ಲಕ್ಕಿಂತ ಮೊದಲು ನಿಮ್ಮ ಅಜ್ಜಿ ಮನೆ ಅಟ್ಟ ಹತ್ತಿ ನೋಡಿ. ಉಪ್ಪಿನಕಾಯಿ ಜಾಡಿಗಳ ಹಿಂದೆ ಏನೇನೋ ಕೂತಿರುತ್ತೆ.

3. ತಿರುಗಿಸಿ ತಳ ನೋಡಿ

ತಳದ ಮುದ್ರೆ ಅರ್ಧ ಜಾತಕ ಹೇಳುತ್ತದೆ. ಅಮೆರಿಕದ 1890ರ ಸುಂಕದ ಕಾನೂನು 1891ರಿಂದ ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದಿತು. ಹಾಗಾಗಿ ಬರೀ ‘ಇಂಗ್ಲೆಂಡ್’ ಎಂದಿದ್ದರೆ ಹೆಚ್ಚಾಗಿ 1891ರ ಈಚಿನದು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 20ನೇ ಶತಮಾನದ್ದು. ವಜ್ರದ ಆಕಾರದ ಬ್ರಿಟಿಷ್ ನೋಂದಣಿ ಗುರುತು ಇದ್ದರೆ ಆ ವಿನ್ಯಾಸ 1842ರಿಂದ 1883ರ ನಡುವೆ ನೋಂದಣಿಯಾಗಿದ್ದು. ‘ಆಕ್ಯುಪೈಡ್ ಜಪಾನ್’ (ಗೆದ್ದ ಮಿತ್ರರಾಷ್ಟ್ರಗಳ ಹಿಡಿತದಲ್ಲಿದ್ದ ಜಪಾನ್) ಎಂಬ ಮುದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲಿನ ಕೆಲವೇ ವರ್ಷಗಳದ್ದು, 1952ಕ್ಕೆ ಅದರ ಕಥೆ ಮುಗಿಯಿತು. ಕಲ್ಕತ್ತದ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್ ಹೆಸರು ಕಂಡರೆ ಬಿಡಬೇಡಿ. ನಮ್ಮದೇ ದೇಶದ ಹಳೇ ಸಾಮಾನಿಗೆ ಈಗಲೂ ಬೆಲೆ ಜಾಸ್ತಿ ಹೇಳುವುದಿಲ್ಲ.

ಒಬ್ಬ ವ್ಯಾಪಾರಿ ‘ರಾಣಿ ವಿಕ್ಟೋರಿಯಾ ಕಾಲದ್ದು ಸಾರ್’ ಅಂತ ಒಂದು ತಟ್ಟೆ ಕೈಗಿಟ್ಟ. ತಿರುಗಿಸಿದರೆ ‘ಡಿಶ್‌ವಾಷರ್ ಸೇಫ್’ ಅಂತ ಬರೆದಿತ್ತು. ಅವನೂ ನಕ್ಕ, ನಾನೂ ನಕ್ಕೆ.

ಇನ್ನೊಂದು ಮಾತು. ಬೋನ್ ಚೈನಾ ಎಂಬುದರಲ್ಲಿ ಸುಟ್ಟ ಮೂಳೆಯ ಬೂದಿ ನಿಜವಾಗಿಯೂ ಇರುತ್ತದೆ, ಸುಮಾರು ಅರ್ಧ ಪಾಲು. ಮಡಿ ಮೈಲಿಗೆ ನೋಡುವ ಮನೆಯಾದರೆ ಮೊದಲೇ ಗೊತ್ತಿರಲಿ. ತಟ್ಟೆಯ ಹಿಂದೆ ಕೈ ಹಿಡಿದು ಬೆಳಕಿಗೆ ಎತ್ತಿ. ಬೆರಳಿನ ನೆರಳು ಕಂಡರೆ ಅದು ಬೋನ್ ಚೈನಾ ಇಲ್ಲವೇ ಪೋರ್ಸಲೇನ್ (ಮೂಳೆ ಬೂದಿಯಿಲ್ಲದ ಅಪ್ಪಟ ಪಿಂಗಾಣಿ). ಕಾಣದಿದ್ದರೆ ಮಾಮೂಲಿ ಮಣ್ಣಿನದೋ, ಉಪ್ಪಿನಕಾಯಿ ಜಾಡಿಯಂಥ ಗಟ್ಟಿ ಸ್ಟೋನ್‌ವೇರೋ ಇರಬೇಕು.

4. ಬಿರುಕು ಹುಡುಕುವುದು

ಇಲ್ಲಿ ಆತುರ ಬೇಡ. ವ್ಯಾಪಾರಿ ಗೊಣಗಲಿ. ಚೌಕಾಸಿ ಆಮೇಲೆ.

ಮೊದಲು ಕಣ್ಣು ಮುಚ್ಚಿ ಬೆರಳಾಡಿಸಿ. ತಮಾಷೆ ಅಲ್ಲ. ಕಣ್ಣು ಹೂವಿನ ಚಿತ್ರ ನೋಡಿ ಮರುಳಾಗುತ್ತದೆ, ಬೆರಳು ಆಗುವುದಿಲ್ಲ. ಬಾಯಂಚಿನ ಸುತ್ತ ಉಗುರು ಎಳೆದುಕೊಂಡು ಹೋಗಿ. ಚಕ್ಕೆ ಹಾರಿದ ಕಡೆ ಉಗುರು ತಡೆಯುತ್ತದೆ. ಮೂತಿಯ ತುದಿಯನ್ನು ಎರಡು ಸಲ ನೋಡಿ, ಮೊದಲು ಏಟು ತಿನ್ನುವುದು ಅದೇ.

ಆಮೇಲೆ ಹಿಡಿ. ಹಿಡಿ ಮೈಗೆ ಸೇರುವ ಎರಡು ಜಾಗದಲ್ಲಿ ಟಾರ್ಚ್ ಬಿಡಿ. ಅಲ್ಲಿ ಸುತ್ತಲೂ ತೆಳ್ಳಗಿನ ಗೆರೆ ಇದೆಯಾ? ಬಣ್ಣ ಒಂದು ಚೂರು ಬೇರೆ ಇದೆಯಾ? ಹೊಳಪು ಆ ಜಾಗದಲ್ಲಿ ಮಾತ್ರ ಮಂಕಾಗಿದೆಯಾ? ಹಳೇ ವ್ಯಾಪಾರಿಗಳು ಆ ಜಾಗವನ್ನು ಹಲ್ಲಿಗೆ ತಾಗಿಸಿ ನೋಡುತ್ತಾರೆ. ನಿಜವಾದ ಗ್ಲೇಜ್, ಅಂದರೆ ಸುಟ್ಟು ಕೂರಿಸಿದ ಮೇಲಿನ ಹೊಳಪಿನ ಪದರ, ಹಲ್ಲಿಗೆ ಗಾಜಿನ ಹಾಗೆ ಗಟ್ಟಿ, ತಣ್ಣಗೆ. ಬಳಿದ ಬಣ್ಣ ಮೆತ್ತಗೆ, ಪ್ಲಾಸ್ಟಿಕ್ ಹಾಗೆ. ಸಂತೆಯ ಧೂಳಿನಲ್ಲಿ ಬಾಯಿಗಿಡಲು ಹೇಸಿಗೆ ಅನ್ನಿಸಿದರೆ ಕಳ್ಳನೋಟು ನೋಡುವ ನೇರಳೆ ಬೆಳಕಿನ ಪುಟ್ಟ ಟಾರ್ಚ್ ಇಟ್ಟುಕೊಳ್ಳಿ. ನೆರಳಿನಲ್ಲಿ ಹಿಡಿದು ಬಿಟ್ಟರೆ ಅಂಟು, ಬಣ್ಣ ಇರುವ ಕಡೆ ಬೇರೆಯೇ ಥರ ಹೊಳೆಯುತ್ತದೆ. ಈ ಟಾರ್ಚ್ ಇದ್ದಿದ್ದರೆ ಅತ್ತಿಗೆಯ ಹೂಜಿ ಅಂಗಡಿಯಲ್ಲೇ ಉಳಿಯುತ್ತಿತ್ತು.

ಈಗ ಶಬ್ದ. ತಟ್ಟೆಯಾದರೆ ಅಂಗೈ ಅಗಲಿಸಿ ಅದರ ಮೇಲೆ ಕೂರಿಸಿ, ಬೆರಳಿನ ಗೆಣ್ಣಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಬಿಗಿಯಾಗಿ ಹಿಡಿದರೆ ಗಂಟೆಯೂ ಮೊಳಗುವುದಿಲ್ಲ. ಒಳ್ಳೇ ಬೋನ್ ಚೈನಾ ‘ಠಣ್’ ಎಂದು ಎಳೆದು ನಿಲ್ಲುತ್ತದೆ. ಬಿರುಕಿದ್ದರೆ ‘ದಬ್’. ಆದರೆ ದಪ್ಪ ಮಣ್ಣಿನ ತಟ್ಟೆ ಚೆನ್ನಾಗಿದ್ದರೂ ಮಂಕಾಗಿಯೇ ಮಾತಾಡುತ್ತದೆ. ಅದಕ್ಕೇ ಒಂದೇ ಜಾತಿಯ ಎರಡು ತಟ್ಟೆ ತಟ್ಟಿ ಹೋಲಿಸಬೇಕು. ಹೂಜಿಗೆ ಈ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಹಿಡಿ, ಹೊಟ್ಟೆ ಎಲ್ಲ ಸೇರಿ ಶಬ್ದ ಕೆಡಿಸುತ್ತವೆ.

ಹೂಜಿಗೆ ನೀರೇ ಪರೀಕ್ಷೆ. ಅರ್ಧ ತುಂಬಿಸಿ, ಒಣ ಪೇಪರ್ ಮೇಲಿಟ್ಟು ಪಕ್ಕದ ಅಂಗಡಿ ನೋಡಿಕೊಂಡು ಬನ್ನಿ. ತಳ ಒದ್ದೆಯಾಗಿದ್ದರೆ ಕೈ ಮುಗಿದು ಮುಂದೆ ಹೋಗಿ. ಆಗಿಲ್ಲವಾ? ಸರಿ, ಈಗ ಸುರಿದು ನೋಡಿ. ಇದನ್ನು ಯಾರೂ ಮಾಡುವುದಿಲ್ಲ! ಎಷ್ಟೋ ಚೆಂದದ ಹೂಜಿಗಳು ಸುರಿಯುವುದಕ್ಕೆ ಲಾಯಕ್ಕಿಲ್ಲ. ನೀರು ಮೂತಿಯಿಂದ ಹಾರದೆ, ಕುತ್ತಿಗೆಯ ಉದ್ದಕ್ಕೂ ಇಳಿದು ನಿಮ್ಮ ಮೊಣಕೈ ಸೇರುತ್ತದೆ. ತುದಿ ಚೂಪಾಗಿ ಕೆಳಕ್ಕೆ ಬಾಗಿದ್ದರೆ ಧಾರೆ ಕಡಿದು ನಿಲ್ಲುತ್ತದೆ. ದಪ್ಪನೆ ದುಂಡಗಿದ್ದರೆ ಸೋರುತ್ತದೆ. ರೇಷ್ಮೆ ಸೀರೆ ಉಟ್ಟು ಊಟಕ್ಕೆ ಕೂತವರ ಪಕ್ಕ ಸೋರುವ ಹೂಜಿ ಹಿಡಿದು ನಿಂತಾಗ ಗೊತ್ತಾಗುತ್ತೆ ಇದರ ಬೆಲೆ.

ತಟ್ಟೆಯ ಮೇಲೆ ಬೂದು ಗೀರುಗಳು ಕಂಡರೆ ಹೆದರಬೇಡಿ. ಅವು ಬಿರುಕಲ್ಲ, ಸ್ಟೀಲ್ ಚಮಚ ಬಿಟ್ಟ ಗುರುತು. ಅಡುಗೆ ಸೋಡಾ ಒದ್ದೆ ಮಾಡಿ ಬೆರಳಿನಿಂದ ಉಜ್ಜಿದರೆ ಎಷ್ಟೋ ಹೋಗುತ್ತವೆ. ಚಿನ್ನದ ಅಂಚಿಗೆ ಮಾತ್ರ ಸೋಡಾ ತಾಗಿಸಬೇಡಿ.

5. ತೊಳೆಯುವುದು

ಉಗುರು ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಲಿಕ್ವಿಡ್, ಮೆತ್ತನೆ ಬಟ್ಟೆ. ಸಿಂಕಿನಲ್ಲಿ ಬೇಡ, ಪ್ಲಾಸ್ಟಿಕ್ ಟಬ್ಬಿನಲ್ಲಿ. ತೆಂಗಿನ ನಾರು, ಸ್ಟೀಲ್ ಉಜ್ಜುಗ, ಪಾತ್ರೆ ಪುಡಿ ಮೂರನ್ನೂ ದೂರ ಇಡಿ.

ಮೈ ತುಂಬ ಜೇಡರ ಬಲೆಯಂಥ ಸಣ್ಣ ಗೆರೆ, ಗೆರೆಯೊಳಗೆ ಕಂದು ಕಲೆ. ಇದೇ ಎಲ್ಲರ ತಲೆನೋವು. ಒಳಗಿನ ಮಣ್ಣು ಮತ್ತು ಮೇಲಿನ ಗ್ಲೇಜ್ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದಾಗ ಗ್ಲೇಜ್ ಹೀಗೆ ಸೀಳುತ್ತದೆ. ಆ ಸೀಳಿನಿಂದ ಟೀ, ಎಣ್ಣೆ ಒಳಗಿಳಿದು ಕೂರುತ್ತವೆ. ಇದಕ್ಕೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಮುಳುಗಿಸುವ ಅಡ್ಡದಾರಿ ಎಲ್ಲರೂ ಹೇಳಿಕೊಡುತ್ತಾರೆ. ಬೇಡವೇ ಬೇಡ. ಆ ದಿನ ಬೆಳ್ಳಗಾಗುತ್ತದೆ. ಆದರೆ ಒಳಗೆ ಉಳಿದ ಉಪ್ಪು ಮುಂದೆ ಹರಳುಗಟ್ಟಿ ಗ್ಲೇಜನ್ನು ಹೊಟ್ಟಿನ ಹಾಗೆ ಎಬ್ಬಿಸುತ್ತದೆ.

ಇದರ ಬದಲು ಮೊದಲು ಒಂದು ದಿನ ಶುದ್ಧ ನೀರಿನಲ್ಲಿ ನೆನೆಹಾಕಿ. ಒಣಗಿದ ಮೈಗೆ ನೇರ ಔಷಧ ಹಾಕಿದರೆ ಕಲೆ ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ 6% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹತ್ತಿ ಅದ್ದಿ ಕಲೆಯ ಮೇಲೆ ಹೊದಿಸಿ, ಪ್ಲಾಸ್ಟಿಕ್ ಸುತ್ತಿ ಬಿಡಿ. ಕೈಗವಸು ಮರೆಯಬೇಡಿ. ಹತ್ತಿ ಒಣಗಿದರೆ ಮತ್ತೆ ಒದ್ದೆ ಮಾಡಿ. ಎರಡು ದಿನಕ್ಕೂ ಹೋಗಬಹುದು, ವಾರವೂ ಹಿಡಿಯಬಹುದು. ಕೊನೆಗೆ ನೀರು ಬದಲಿಸುತ್ತಾ ಚೆನ್ನಾಗಿ ನೆನೆಸಿ ತೆಗೆಯಿರಿ. ಚಿನ್ನದ ಗೆರೆ, ಗ್ಲೇಜಿನ ಮೇಲೆ ಬರೆದ ಬಣ್ಣ, ಅಂಟಿಸಿದ ಭಾಗ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಲೆಯ ಜೊತೆಗೇ ಬದುಕಿ.

6. ಏನು ಬಡಿಸಬಹುದು, ಏನು ಬಡಿಸಬಾರದು

ಇಲ್ಲಿ ನನ್ನ ಮಾತು ಖಂಡಿತ. ಹಳೇ ಪಿಂಗಾಣಿಯಲ್ಲಿ ಹುಳಿ ಬೇಡ. ಹಿಂದೆ ಗ್ಲೇಜಿಗೂ ಬಣ್ಣಕ್ಕೂ ಸೀಸ ಬಳಸುತ್ತಿದ್ದರು, ಹುಳಿ ಅದನ್ನು ಎಳೆದು ತೆಗೆಯುತ್ತದೆ. ಹಾಗಾಗಿ ನಿಂಬೆ ಪಾನಕ, ಮಜ್ಜಿಗೆ, ಗೊಜ್ಜು, ಉಪ್ಪಿನಕಾಯಿ ಇವೆಲ್ಲ ಗಾಜಿಗೋ ಸ್ಟೀಲಿಗೋ. ನೀಲಿ ಹೂಜಿಯಲ್ಲಿ ಮಜ್ಜಿಗೆ ಎಷ್ಟು ಚೆಂದ ಕಾಣುತ್ತೆ ಅಂತ ನನಗೂ ಗೊತ್ತು. ಆದರೂ ಬೇಡ. ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ ಹಳೇ ತಟ್ಟೆಯಲ್ಲಿ ದಿನಾ ಊಟವೂ ಬೇಡ.

ಹಾಗಾದರೆ ಮಾಡುವುದೇನು? ತಟ್ಟೆಗೆ ಬಾಳೆಲೆ ತುಂಡು ಹಾಸಿ ಚಕ್ಕುಲಿ, ಕೋಡುಬಳೆ ಜೋಡಿಸಿ. ದೊಡ್ಡ ಬೋಗುಣಿಯೊಳಗೆ ಗಾಜಿನ ಬಟ್ಟಲು ಕೂರಿಸಿ ಕೋಸಂಬರಿ ಇಡಿ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಹೂಜಿಗೆ ಸುಗಂಧರಾಜ. ಗೆರೆ ಸೀಳಿಲ್ಲದ, ಒಳಗೆ ಬಣ್ಣವಿಲ್ಲದ ಹೂಜಿಯಾದರೆ ಊಟದ ಹೊತ್ತಿಗೆ ನೀರು ತುಂಬಿಸಿ, ಊಟ ಮುಗಿದ ಕೂಡಲೇ ಖಾಲಿ ಮಾಡಿ. ತುಂಬಿದ ಹೂಜಿಯನ್ನು ಬರೀ ಹಿಡಿಯಿಂದ ಎತ್ತಬೇಡಿ, ಇನ್ನೊಂದು ಕೈ ತಳಕ್ಕೆ ಕೊಡಿ.

7. ಎತ್ತಿಡುವುದು

ತಟ್ಟೆಗಳ ನಡುವೆ ಹಳೇ ಪಂಚೆಯ ತುಂಡು. ಕಪ್ಪುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಹಿಡಿಯಿಂದ ಕೊಕ್ಕೆಗೂ ನೇತುಹಾಕಬೇಡಿ. ಮೈಕ್ರೋವೇವ್ ಕಡೆ ತಲೆಯನ್ನೂ ಹಾಕಬೇಡಿ, ಚಿನ್ನದ ಗೆರೆ ಪಟಪಟ ಕಿಡಿ ಹಾರಿಸುತ್ತದೆ. ಗೆರೆ ಸೀಳಿದ ಸಾಮಾನು ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಗಾಳಿಯಾಡುವ ಕಡೆ ಎರಡು ದಿನ ಬಿಟ್ಟು ಆಮೇಲೆ ಬೀರುವಿಗೆ ಹಾಕಿ. ಅತ್ತಿಗೆ ಮುರಿದ ಹೂಜಿ ಬಿಸಾಡಲಿಲ್ಲ. ಹಿಡಿಯಿಲ್ಲದ ಅದರಲ್ಲಿ ಈಗ ಅಡುಗೆಮನೆಯ ಮರದ ಸೌಟುಗಳು ನಿಂತಿವೆ.