ಅಗಸೆ, ಮೆಂತ್ಯದ ಪಟ್ಟು: ಎಷ್ಟು ಬಿಸಿ, ಎಷ್ಟು ಹೊತ್ತು?

ಚಳಿ ಶುರುವಾದರೆ ಸಾಕು, ಬೆಂಗಳೂರಿನ ಮನೆಗಳಲ್ಲಿ ಮಂಡಿ, ಸೊಂಟ, ಕತ್ತಿನ ನೋವಿನ ಮಾತೂ ಶುರು. ಇದಕ್ಕೆ ಕಾಳು ಅರೆದು, ಬಿಸಿ ಮಾಡಿ, ಬಟ್ಟೆಯಲ್ಲಿ ಕಟ್ಟುವುದು ಹಳೇ ರೂಢಿ. ಈ ಪಟ್ಟು ರೋಗ ವಾಸಿ ಮಾಡುವುದಿಲ್ಲ. ಹಿಡಿದುಕೊಂಡ ಸ್ನಾಯು ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತು ತಗ್ಗುತ್ತದೆ, ಅಷ್ಟೆ. ಅದರಲ್ಲೂ ಬಹುಪಾಲು ಕೆಲಸ ಬಿಸಿಯದ್ದು. ಆ ಬಿಸಿಯನ್ನು ಹಿಡಿದಿಡುವುದು ಕಾಳಿನ ಪಾಲು.

ಇದಕ್ಕೆ ಅಗಸೆಯೇ ಮೇಲು. ನೀರು ತಾಗಿದರೆ ಅದು ಲೋಳೆ ಬಿಡುತ್ತದೆ. ಲೋಳೆ ಬೇಗ ಆರುವುದಿಲ್ಲ, ಮೈಗೆ ಅಂಟಿಕೊಂಡು ಕೂರುತ್ತದೆ. ಅಗಸೆ ಹಿಂಡಿ ಮಾಡುವ ಉತ್ತರ ಕರ್ನಾಟಕದವರ ಮನೆಯಲ್ಲಿ ಕಾಳು ಇದ್ದೇ ಇರುತ್ತದೆ. ಇಲ್ಲದವರು ಗ್ರಂಧಿಗೆ ಅಂಗಡಿಯಲ್ಲೋ ಬಡಾವಣೆಯ ದಿನಸಿ ಅಂಗಡಿಯಲ್ಲೋ ಕೇಳಿ. ಹುರಿದು ಉಪ್ಪು ಹಾಕಿದ ಪ್ಯಾಕೆಟ್ ಬೇಡ. ಪುಡಿಯನ್ನೂ ಕೊಳ್ಳಬೇಡಿ, ಅದು ಬೇಗ ಕಮಟು ಹಿಡಿಯುತ್ತದೆ. ಬೇಕಾದಾಗ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿಕೊಂಡರಾಯಿತು.

ಮಾಡುವುದು ಹೀಗೆ

ಒಂದು ಲೋಟ ನೀರು ಕುದಿಸಿ. ಉರಿ ಸಣ್ಣ ಮಾಡಿ, ಅರ್ಧ ಲೋಟ ಅಗಸೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ತಿರುವಿ. ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಪಾತ್ರೆಯ ಅಂಚು ಬಿಟ್ಟು ಮುದ್ದೆಯಾದಾಗ ಇಳಿಸಿ. ತೆಳ್ಳಗಾದರೆ ಇನ್ನೊಂದು ಚಮಚ ಪುಡಿ ಹಾಕಿ.

ಹಳೇ ಹತ್ತಿ ಪಂಚೆಯ ತುಂಡಿನ ಮೇಲೆ ಅರ್ಧ ಇಂಚು ದಪ್ಪಕ್ಕೆ ಹರಡಿ, ನಾಲ್ಕೂ ಕಡೆ ಮಡಚಿ. ಈಗ ಅವಸರ ಮಾಡಬೇಡಿ. ಮುದ್ದೆಯ ಹೊರಗೆ ಆರಿದಂತೆ ಕಂಡರೂ ಒಳಗೆ ಸುಡುತ್ತಿರುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ಅರ್ಧ ನಿಮಿಷ ಒತ್ತಿ ನೋಡಿ. ಹಿತ ಎನಿಸಿದರೆ ಮಾತ್ರ ನೋವಿರುವ ಕಡೆ ಇಡಿ. ಮೇಲೆ ಒಣ ಟವೆಲ್ ಸುತ್ತಿ. ಪ್ಲಾಸ್ಟಿಕ್ ಕವರ್ ಸುತ್ತಬೇಡಿ. 15ರಿಂದ 20 ನಿಮಿಷ ಸಾಕು. ಪಟ್ಟು ಹಾಕಿಕೊಂಡು ನಿದ್ದೆ ಹೋಗುವುದು ಬೇಡವೇ ಬೇಡ. ಆರಿತೆಂದು ಮೈಕ್ರೋವೇವ್‌ಗೆ ಇಡುವವರೂ ಇದ್ದಾರೆ. ಅಲ್ಲಿ ಮುದ್ದೆ ಒಂದೇ ಸಮ ಬಿಸಿಯಾಗುವುದಿಲ್ಲ, ಒಂದೊಂದು ಕಡೆ ವಿಪರೀತ ಸುಡುತ್ತದೆ.

ಮೆಂತ್ಯವಾದರೆ ಎರಡು ಚಮಚ ರಾತ್ರಿ ನೆನೆಸಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ಉಗುರು ಬೆಚ್ಚಗೆ ಮಾಡಿ ಹಾಕಿ. ವಾಸನೆ ಸಂಜೆವರೆಗೂ ಹೋಗುವುದಿಲ್ಲ, ಆಫೀಸಿಗೆ ಹೋಗುವವರು ಯೋಚಿಸಿ. ಕೆಲವರಿಗೆ ಮೆಂತ್ಯದಿಂದ ಅಲರ್ಜಿಯಾಗುತ್ತದೆ. ಮೊದಲು ಮೊಣಕೈ ಒಳಗೆ ಚೂರು ಹಚ್ಚಿ ನೋಡುವುದು ಒಳ್ಳೆಯದು. ಒದ್ದೆ ಬೇಡ ಎನ್ನುವವರಿಗೆ ಓಮ ಇದೆ. ಕಲ್ಲುಪ್ಪಿನ ಜೊತೆ ಒಣ ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಬಹುದು.

ಸಾಸಿವೆಯ ವಿಷಯವೇ ಬೇರೆ

ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಖಾರ ಅನಿಸುವುದಿಲ್ಲ. ಹಸಿಯಾಗಿ ಅರೆದರೆ ಮೂಗಿಗೇ ಹೊಡೆಯುತ್ತದೆ, ಅಲ್ವಾ? ಪುಡಿಗೆ ನೀರು ಸೇರಿದಾಗಲೇ ಆ ಘಾಟು ಹುಟ್ಟುತ್ತದೆ. ಚರ್ಮ ಉರಿಸುವುದೂ ಅದೇ. ಇಲ್ಲಿ ಬಿಸಿ ಇಲ್ಲದಿದ್ದರೂ ಸುಟ್ಟ ಗಾಯವಾಗಬಹುದು, ಬೊಬ್ಬೆ ಏಳಬಹುದು. ನನ್ನನ್ನು ಕೇಳಿದರೆ ಅಗಸೆ ಸಿಗುವಾಗ ಸಾಸಿವೆಯ ಗೊಡವೆಯೇ ಬೇಡ. ಹಾಕಲೇಬೇಕೆಂದರೆ ಒಂದು ಚಮಚ ಪುಡಿಗೆ ಕನಿಷ್ಠ ನಾಲ್ಕು ಚಮಚ ಗೋಧಿ ಹಿಟ್ಟು ಸೇರಿಸಿ, ಬೆಚ್ಚಗಿನ ನೀರಲ್ಲಿ ಕಲಸಿ, ನಡುವೆ ಎರಡು ಪದರ ಬಟ್ಟೆ ಇರಲಿ. ಎರಡು ನಿಮಿಷಕ್ಕೊಮ್ಮೆ ಅಂಚು ಎತ್ತಿ ನೋಡಿ. ಐದು ನಿಮಿಷ ದಾಟಬಾರದು. ಕೆಂಪಾದರೆ, ಉರಿದರೆ ತಕ್ಷಣ ತೆಗೆದು ತಣ್ಣೀರಲ್ಲಿ ತೊಳೆಯಿರಿ. ಮಕ್ಕಳಿಗೆ, ಚರ್ಮ ತೆಳುವಾಗಿರುವ ವಯಸ್ಸಾದವರಿಗೆ ಸಾಸಿವೆ ಹಾಕಲೇಬಾರದು.

ಖಾಲಿ ಸೈಟುಗಳಲ್ಲಿ ಬೆಳೆದಿರುವ ಹರಳು ಗಿಡದ ಬೀಜವನ್ನು ಮನೆಯಲ್ಲಿ ಅರೆಯಲೇಬೇಡಿ. ಅದರಲ್ಲಿ ರಿಸಿನ್ ಎಂಬ ಕಡು ವಿಷವಿದೆ. ಅಂಗಡಿಯ ಹರಳೆಣ್ಣೆಯಲ್ಲಿ ಆ ತೊಂದರೆ ಇಲ್ಲ.

ಯಾವಾಗ ಬೇಡ

ಕಾಲು ಈಗಷ್ಟೇ ಉಳುಕಿದ್ದರೆ ಬಿಸಿ ಬೇಡ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಗಾಯ, ಬಿರುಕು, ದದ್ದು ಇರುವ ಚರ್ಮದ ಮೇಲೆ ಯಾವ ಪಟ್ಟೂ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಅವರು ಹಾಕಿಕೊಳ್ಳಬಾರದು. ಗರ್ಭಿಣಿಯರ ಹೊಟ್ಟೆ, ಸೊಂಟಕ್ಕೂ ಬೇಡ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಅಥವಾ ಕೀಲು ಊದಿ ಜ್ವರವೂ ಬಂದಿದ್ದರೆ ಪಟ್ಟು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಬಳಸಿದ ಮುದ್ದೆಯನ್ನು ಮತ್ತೆ ಬಿಸಿ ಮಾಡಬೇಡಿ, ಸಿಂಕಿಗೂ ಹಾಕಬೇಡಿ. ಅಗಸೆ ಲೋಳೆ ಪೈಪಿನಲ್ಲಿ ಅಂಟಿ ಕೂತರೆ ಪ್ಲಂಬರ್ ಕರೆಸಬೇಕಾಗುತ್ತದೆ. ಅದು ಹಸಿ ಕಸದ ಬುಟ್ಟಿಗೆ ಹೋಗಲಿ. ಬಟ್ಟೆಯನ್ನು ಒಣಗುವ ಮೊದಲೇ ಕೆರೆದು ತೊಳೆಯಿರಿ.