ಸ್ಲೋ ಕುಕ್ಕರ್‌ನಲ್ಲಿ ಅಲಸಂದೆ ಕೊದ್ದೆಲ್, ಜೊತೆಗೆ ಕುಚಲಕ್ಕಿ ಅನ್ನ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ ಪೇಟೆಯಲ್ಲಿ ಮೀನು ಕಡಿಮೆ, ರೇಟು ಜಾಸ್ತಿ. ಆಗ ಅಡುಗೆಮನೆಯ ಡಬ್ಬಿಗಳಿಂದ ಒಣ ಕಾಳು ಹೊರಗೆ ಬರುತ್ತದೆ. ಅದರಲ್ಲೂ ಅಲಸಂದೆ. ತೆಂಗಿನಕಾಯಿ, ಒಣಮೆಣಸು ರುಬ್ಬಿ ಹಾಕಿ, ಮೇಲಿಂದ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅದು ಕೊಂಕಣಿ ಮನೆಗಳ ಕೊದ್ದೆಲ್. ಬಿಸಿ ಕುಚಲಕ್ಕಿ ಅನ್ನದ ಮೇಲೆ ಸುರಿದುಕೊಂಡರೆ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ಊಟ ಬೇಕಾ?

ಪ್ರೆಶರ್ ಕುಕ್ಕರ್‌ನಲ್ಲೇ ಬೇಯಿಸಬಹುದಲ್ವಾ ಎಂದು ಕೇಳುವವರಿದ್ದಾರೆ. ಬೇಯಿಸಬಹುದು. ಆದರೆ ಒಂದು ಸೀಟಿ ಹೆಚ್ಚಾದರೆ ಅಲಸಂದೆ ಒಡೆದು ಮುದ್ದೆಯಾಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಕರೆಂಟಿನ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯುವುದರಿಂದ ಕಾಳು ಇಡಿಯಾಗಿಯೇ ಉಳಿದು ಒಳಗೆ ಬೆಣ್ಣೆಯಂತಾಗುತ್ತದೆ. ಹಿಂದೆ ಒಲೆಯ ಕೆಂಡದ ಮೇಲೆ ಪಾತ್ರೆ ಬಿಟ್ಟು ಬೇಯಿಸುತ್ತಿದ್ದಾಗ ಬರುತ್ತಿದ್ದ ಹದ ಅದು. ಆದರೆ ಎರಡು ಮಾತು ನೆನಪಿರಲಿ. ಮೊದಲು ಕುದಿ, ಕೊನೆಗೆ ಹುಳಿ.

ಬೇಕಾಗುವುದು

ನಾಲ್ಕು ಜನರಿಗೆ: ಒಣ ಅಲಸಂದೆ 250 ಗ್ರಾಂ, ಸಣ್ಣ ಮೊಗೆಕಾಯಿ (ಮಂಗಳೂರು ಸೌತೆ) ಅರ್ಧ, ತೆಂಗಿನ ತುರಿ ಒಂದು ಕಪ್, ಬ್ಯಾಡಗಿ ಮೆಣಸು ಆರೇಳು, ಗೋಲಿ ಗಾತ್ರದ ಹುಣಸೆಹುಳಿ, ಬೆಳ್ಳುಳ್ಳಿ ಹತ್ತು ಎಸಳು, ಉಪ್ಪು, ತೆಂಗಿನೆಣ್ಣೆ. ಈರುಳ್ಳಿ ಬೇಡ. ಕಾಳು ಹೊಸದಿರಲಿ. ಎರಡು ವರ್ಷದಿಂದ ಡಬ್ಬಿಯಲ್ಲಿದ್ದ ಕಾಳು ಎಷ್ಟು ಹೊತ್ತು ಬೇಯಿಸಿದರೂ ಗಟ್ಟಿಯಾಗಿಯೇ ಇರುತ್ತದೆ.

ನೆನೆಸುವುದು

ರಾತ್ರಿ ಕಾಳು ತೊಳೆದು, ಧಾರಾಳ ನೀರಿನಲ್ಲಿ ಒಂದು ಚಮಚ ಉಪ್ಪು ಹಾಕಿ ನೆನೆಸಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂದು ಹಲವರು ಹೆದರುತ್ತಾರೆ. ನಿಜವೆಂದರೆ ಉಪ್ಪುನೀರಿನಲ್ಲಿ ಸಿಪ್ಪೆ ಮೆತ್ತಗಾಗುತ್ತದೆ. ನಿಮ್ಮ ಬಾವಿಯ ನೀರು ಗಡಸಾಗಿದ್ದರೆ ಇದು ಇನ್ನೂ ಉಪಯೋಗಕ್ಕೆ ಬರುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಮಾಡುವುದಾದರೆ ಫ್ರಿಜ್‌ನಲ್ಲಿಟ್ಟು ನೆನೆಸಿ. ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಬರುತ್ತದೆ.

ಕುದಿಸುವುದು: ಇದನ್ನು ಬಿಡಲೇಬೇಡಿ

ಬೆಳಿಗ್ಗೆ ನೆನೆಸಿದ ನೀರು ಚೆಲ್ಲಿ. ಹೊಸ ನೀರು ಹಾಕಿ, ಗ್ಯಾಸ್ ಮೇಲೆ ಬೇರೆ ಪಾತ್ರೆಯಲ್ಲಿ 10 ನಿಮಿಷ ಕೊತಕೊತ ಕುದಿಸಿ. ಮೇಲೆ ಬಂದ ನೊರೆ ತೆಗೆಯಿರಿ.

ಇದು ಯಾಕೆಂದರೆ, ಕಾಳುಗಳಲ್ಲಿ ಲೆಕ್ಟಿನ್ ಎಂಬ ಅಂಶ ಇರುತ್ತದೆ. ಅಲಸಂದೆಯಲ್ಲಿ ಕಡಿಮೆ. ರಾಜ್ಮಾದಲ್ಲಿ ಬಹಳ ಜಾಸ್ತಿ. ಹಸಿ ರಾಜ್ಮಾ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಆದರೆ ಸ್ಲೋ ಕುಕ್ಕರ್ ‘ಲೋ’ನಲ್ಲಿದ್ದಾಗ ಒಳಗಿನ ಬಿಸಿ ಕುದಿಯುವ ಮಟ್ಟಕ್ಕೆ ಏರದೇ ಇರಬಹುದು. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅರೆಬರೆ ಬೆಂದ ರಾಜ್ಮಾ ಹಸಿಯದಕ್ಕಿಂತಲೂ ಹೆಚ್ಚು ತೊಂದರೆ ಕೊಡಬಲ್ಲದು. ನೋಡಲು ಮೆತ್ತಗಿದೆ ಎಂದು ನಂಬಿ ತಿನ್ನುವುದರಲ್ಲೇ ಅಪಾಯ. ಹಾಗಾಗಿ ಅಲಸಂದೆ ಬದಲು ರಾಜ್ಮಾ ಹಾಕುವವರು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುವ ಲೆಕ್ಕ ಇದು. ಮಕ್ಕಳು ಉಣ್ಣುವ ಮನೆಯಲ್ಲಿ ಇದರಲ್ಲಿ ಒಂದು ನಿಮಿಷವನ್ನೂ ಕಡಿಮೆ ಮಾಡಬೇಡಿ.

ಕುಕ್ಕರ್‌ಗೆ ಹಾಕುವುದು

ಕುದಿಸಿದ ಕಾಳನ್ನು ಬಿಸಿ ಇರುವಾಗಲೇ ಸ್ಲೋ ಕುಕ್ಕರ್‌ಗೆ ಹಾಕಿ. ಕಾಳಿನ ಮೇಲೆ ಒಂದು ಇಂಚು ನಿಲ್ಲುವಷ್ಟು ಬಿಸಿನೀರು ಸಾಕು. ಇದರಲ್ಲಿ ನೀರು ಆವಿಯಾಗಿ ಹೋಗುವುದು ಕಡಿಮೆ. ‘ಹೈ’ನಲ್ಲಿ 3ರಿಂದ 4 ಗಂಟೆ, ‘ಲೋ’ನಲ್ಲಿ 6ರಿಂದ 7 ಗಂಟೆ ಬೇಕು. ಸುಮ್ನೆ ಸುಮ್ನೆ ಮುಚ್ಚಳ ತೆಗೆದು ನೋಡಬೇಡಿ, ಬಿಸಿ ಹೋಗಿ ಅಡುಗೆ ತಡವಾಗುತ್ತದೆ. ಬಿಸಿಯಾದ ಪಿಂಗಾಣಿ ಪಾತ್ರೆಗೆ ತಣ್ಣೀರು ಸುರಿದರೆ ಸೀಳುಬಿಡಬಹುದು. ಅದನ್ನು ಗ್ಯಾಸ್ ಮೇಲೆ ಇಡುವುದಂತೂ ಬೇಡವೇ ಬೇಡ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ಆದ್ದರಿಂದ ರಾತ್ರಿ ಹಚ್ಚಿಟ್ಟು ಮಲಗುವುದಕ್ಕಿಂತ, ಮನೆಯಲ್ಲಿ ಯಾರಾದರೂ ಇರುವ ಹಗಲೇ ಒಳ್ಳೆಯದು. ಕರೆಂಟು ಹೋದ ಕೂಡಲೇ ಗ್ಯಾಸ್ ಮೇಲೆ ಬೇರೆ ಪಾತ್ರೆಗೆ ಬದಲಾಯಿಸಿ ಬೇಯಿಸಿ ಮುಗಿಸಿ. ಎಷ್ಟು ಹೊತ್ತು ಹೋಗಿತ್ತು ಎಂದೇ ಗೊತ್ತಿಲ್ಲದಿದ್ದರೆ ಬೇಜಾರಾದರೂ ಚೆಲ್ಲಿಬಿಡಿ.

ಮಸಾಲೆ, ಹುಳಿ, ಒಗ್ಗರಣೆ

ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿ. ಪೂರ್ತಿ ಮೆತ್ತಗಾದ ಮೇಲೆಯೇ ಮುಂದಿನ ಕೆಲಸ. ಹುಳಿ ಬಿದ್ದ ಮೇಲೆ ಕಾಳು ಮೆತ್ತಗಾಗುವುದು ಬಹಳ ನಿಧಾನ. ಹುಣಸೆ, ಮುರುಗಲು, ಟೊಮೆಟೊ ಎಲ್ಲಕ್ಕೂ ಇದೇ ಮಾತು.

ಮೊಗೆಕಾಯಿಯ ತಿರುಳು ತೆಗೆದು, ಸಿಪ್ಪೆ ಸಮೇತ ದೊಡ್ಡ ಹೋಳು ಮಾಡಿ ಹಾಕಿ, ‘ಹೈ’ನಲ್ಲಿ ಒಂದು ಗಂಟೆ ಬಿಡಿ. ಅಷ್ಟರಲ್ಲಿ ಮೆಣಸನ್ನು ಚೂರು ಎಣ್ಣೆಯಲ್ಲಿ ಹುರಿದು, ತೆಂಗಿನ ತುರಿ, ಹುಣಸೆಹುಳಿ ಸೇರಿಸಿ ನುಣ್ಣಗೆ ರುಬ್ಬಿ. ಹೋಳು ಬೆಂದಿದೆ ಎಂದಾದ ಮೇಲೆ ಎಲ್ಲವನ್ನೂ ಒಂದು ಪಾತ್ರೆಗೆ ಬಗ್ಗಿಸಿ, ಮಸಾಲೆ, ಉಪ್ಪು ಹಾಕಿ ಗ್ಯಾಸ್ ಮೇಲೆ ಒಂದು ಕುದಿ ಬರಿಸಿ. ಸ್ಲೋ ಕುಕ್ಕರ್‌ನಲ್ಲೇ ಬಿಟ್ಟರೆ ತೆಂಗಿನಕಾಯಿಯ ಹಸಿ ವಾಸನೆ ಸರಿಯಾಗಿ ಹೋಗುವುದಿಲ್ಲ.

ಒಗ್ಗರಣೆಗೆ ತೆಂಗಿನೆಣ್ಣೆಯೇ ಆಗಬೇಕು. ಜಜ್ಜಿದ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಗಾಗುವವರೆಗೆ ಹುರಿದು, ಎಣ್ಣೆ ಸಮೇತ ಸುರಿದು ತಕ್ಷಣ ಮುಚ್ಚಿ.

ಅನ್ನ

ಅನ್ನಕ್ಕೆ ಸ್ಲೋ ಕುಕ್ಕರ್ ಬೇಡ, ಅದರಲ್ಲಿ ಗಂಜಿ ಚೆನ್ನಾಗಿ ಆಗುತ್ತದೆ, ಉದುರುದುರು ಅನ್ನ ಆಗುವುದಿಲ್ಲ. ತೊಳೆದ ಕುಚಲಕ್ಕಿಯನ್ನು ಬಹಳ ನೀರಿನಲ್ಲಿ 20 ನಿಮಿಷ ಕುದಿಸಿ, ಉರಿ ಆರಿಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ಮತ್ತೆ ಕುದಿಸಿ, ಬೆಂದ ಮೇಲೆ ಬಸಿಯಿರಿ. ತಿಳಿಯನ್ನು ಚೆಲ್ಲದೆ ಉಪ್ಪು ಹಾಕಿ ಕುಡಿಯಿರಿ. ಅಘನಾಶಿನಿ ನದಿಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು) ಗದ್ದೆಗಳಲ್ಲಿ, ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಅಕ್ಕಿ ಕುಮಟಾ ಕಡೆ ಸಿಕ್ಕರೆ ಬಿಡಬೇಡಿ. ಕೊದ್ದೆಲ್‌ಗೆ ಅದರ ರುಚಿ ಬಹಳ ಹೊಂದುತ್ತದೆ.

ಉಳಿದ ಕೊದ್ದೆಲ್ ಆರಿದ ಮೇಲೆ ಫ್ರಿಜ್‌ಗೆ ಹೋಗಲಿ. ಮರುದಿನ ಬಿಸಿ ಮಾಡಲು ಸ್ಲೋ ಕುಕ್ಕರ್ ಬಳಸಬೇಡಿ. ಅದು ಬಿಸಿಯಾಗಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಅಡುಗೆ ಹಾಳಾಗಬಹುದು. ಸ್ವಲ್ಪ ನೀರು ಸೇರಿಸಿ, ಗ್ಯಾಸ್ ಮೇಲೆ ಚೆನ್ನಾಗಿ ಕುದಿಸಿಯೇ ಬಡಿಸಿ.