ಎದೆ ಹಾರುತ್ತದೆ ಅಂತ ಬಂದವರ ಜೊತೆ ಮಾತು ಶುರು ಮಾಡುವುದು

ಬಳ್ಳಾರಿಯಲ್ಲಿ ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ "ನನಗೆ ಖಿನ್ನತೆ ಇದೆ" ಅಂತ ಹೇಳಿಕೊಂಡು ಬರುವವರು ಬಹಳ ಕಡಿಮೆ. "ಎದಿ ಢವಢವ ಅಂತೈತ್ರಿ", "ತಲಿ ಭಾರ ಆಗೈತಿ", "ರಾತ್ರಿ ನಿದ್ದಿ ಹತ್ತಂಗಿಲ್ಲ", "ಮೈಯೆಲ್ಲಾ ಉರಿ" ಅಂತ ಬರುತ್ತಾರೆ. ಅಂಥವರಿಗೆ ಮೊದಲ ದಿನವೇ "ಇದೆಲ್ಲ ನಿಮ್ಮ ಮನಸ್ಸಿಂದು" ಅಂದರೆ ಮುಗಿಯಿತು. ನನ್ನ ನೋವು ಸುಳ್ಳು ಅಂದಳು ಅಂತ ತಿಳಿದು ಎದ್ದು ಹೋಗುತ್ತಾರೆ. ಆ ನೋವು ಸುಳ್ಳಲ್ಲ. ದುಃಖ, ಭಯ ಎರಡೂ ಮೈಯಲ್ಲೇ ನಡೆಯುತ್ತವೆ.

ಅದಕ್ಕೇ ನಾನು ಮೈಯಿಂದಲೇ ಶುರು ಮಾಡುತ್ತೇನೆ. ನಿದ್ದೆ ಎಷ್ಟೊತ್ತಿಗೆ ಬರುತ್ತದೆ, ನಡುರಾತ್ರಿ ಎಚ್ಚರ ಆಗುತ್ತಾ, ಊಟ ರುಚಿಸುತ್ತಾ, ಚಹಾ ಎಷ್ಟು ಸಲ. ಈ ಪ್ರಶ್ನೆಗಳಿಗೆ ಯಾರೂ ನಾಚುವುದಿಲ್ಲ. ಹೇಳುತ್ತಾ ಹೇಳುತ್ತಾ "ಎಚ್ಚರಾದಾಗ ಏನು ನೆನಪಾಗುತ್ತದೆ ಅಮ್ಮಾ?" ಅಂತ ಕೇಳಿದರೆ ಸಾಕು, ಮನೆಯ ಮಾತು ತಾನಾಗಿ ಬರುತ್ತದೆ. ಜೊತೆಗೆ ಡಾಕ್ಟರ ಹತ್ತಿರ ಕಳಿಸಿ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ನೋಡಿಸುತ್ತೇನೆ. ರಕ್ತ ಕಡಿಮೆ ಇದ್ದರೂ ಸುಸ್ತು, ಎದೆಬಡಿತ ಇರುತ್ತದೆ. ಥೈರಾಯ್ಡ್ ಏರುಪೇರಾದರೂ ಮನಸ್ಸು ಕುಗ್ಗುತ್ತದೆ, ಇಲ್ಲವೇ ಗಾಬರಿ ಜಾಸ್ತಿ ಆಗುತ್ತದೆ. ಅದನ್ನು ನೋಡದೆ ಬರೀ ಮಾತಾಡುತ್ತಾ ಕೂರುವುದು ಸರಿಯಲ್ಲ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹಿರಿತನ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. ಆ 'ಬಳ್ಳಾರಿ ಮಾದರಿ'ಯ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮೈನೋವು ಅಂತ ಜನ ಮೊದಲು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಅಲ್ವಾ?

ಇನ್ನೊಂದು ಕಷ್ಟ, ಜೊತೆಗೆ ಬರುವವರು. ಸೊಸೆಯನ್ನು ಕೇಳಿದರೆ ಅತ್ತೆ ಉತ್ತರ ಕೊಡುತ್ತಾರೆ. ಅವರನ್ನು "ಹೊರಗೆ ಹೋಗಿ" ಅನ್ನಲು ಬರುವುದಿಲ್ಲ. ಮೊದಲು ಅವರ ಮಾತನ್ನೇ ಪೂರ್ತಿ ಕೇಳುತ್ತೇನೆ. ಆಮೇಲೆ, "ಅವ್ವಾರ, ಇಲ್ಲಿ ಎಲ್ಲರ ಜೊತೆಗೂ ಸ್ವಲ್ಪ ಹೊತ್ತು ಒಬ್ಬೊಬ್ಬರನ್ನೇ ಕೂಡಿಸಿ ಮಾತಾಡ್ತೀನಿ" ಅನ್ನುತ್ತೇನೆ. ಆಗ ಯಾರಿಗೂ ಅವಮಾನ ಅನಿಸುವುದಿಲ್ಲ. ಒಳಗೆ ಆಡಿದ್ದು ಹೊರಗೆ ಹೋಗುವುದಿಲ್ಲ ಅಂತ ಇಬ್ಬರಿಗೂ ಹೇಳುತ್ತೇನೆ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಒಬ್ಬ ಹುಡುಗನ ಕೆಲಸ ಇಲ್ಲಿನ ಜೀನ್ಸ್ ಘಟಕದಲ್ಲಿ ಹೊಲಿಗೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಬಸ್ಸಲ್ಲಿ ಒಮ್ಮೆ ಎದೆ ಹಿಡಿದಂತಾಗಿ, ಉಸಿರು ಸಿಗದೆ, ಸತ್ತೇ ಹೋಗುತ್ತೇನೆ ಅನಿಸಿತ್ತಂತೆ. ಇಸಿಜಿ ಮಾಡಿಸಿದ, ಮತ್ತೆ ಮತ್ತೆ ಮಾಡಿಸಿದ. ಎಲ್ಲ ಸರಿ ಇತ್ತು. ಆದರೂ ಬಸ್ ಹತ್ತುವುದನ್ನು ಬಿಟ್ಟಿದ್ದ. ನಾನು ಅವನಿಗೆ ಮೊದಲು ವಿವರಿಸಿದ್ದು ಅಡ್ರಿನಲಿನ್ ವಿಷಯ, ಅಂದರೆ ಭಯವಾದಾಗ ಮೈಯಲ್ಲಿ ಹರಿಯುವ ಹಾರ್ಮೋನು. ಹಾವು ಕಂಡಾಗ ಓಡಲು ಮೈ ಹೇಗೆ ಸಜ್ಜಾಗುತ್ತದೋ, ಹಾವಿಲ್ಲದಿದ್ದರೂ ಹಾಗೇ ಆಗುವುದು ಪ್ಯಾನಿಕ್. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಇಷ್ಟು ಗೊತ್ತಾದರೇ ಅರ್ಧ ಭಯ ಕಡಿಮೆ. ಆಮೇಲೆ ಉಸಿರಾಟ: ನಿಧಾನವಾಗಿ ಒಳಗೆ ಎಳೆದು, ಅದಕ್ಕಿಂತ ಜಾಸ್ತಿ ಹೊತ್ತು ಹೊರಗೆ ಬಿಡುವುದು.

ಉಸಿರಾಟವೊಂದೇ ಸಾಲದು. ಭಯಪಟ್ಟು ದೂರ ಉಳಿದಷ್ಟೂ ಭಯ ಬೆಳೆಯುತ್ತದೆ. ನಿಂತ ಬಸ್ಸಲ್ಲಿ ಸುಮ್ನೆ ಕೂತು ಬಾ ಅಂದೆ. ಆಮೇಲೆ ಮುಂದಿನ ಸ್ಟಾಪಿನವರೆಗೆ. ಆಮೇಲೆ ಅಣ್ಣನ ಜೊತೆ ತೆಕ್ಕಲಕೋಟೆವರೆಗೆ, ಕೊನೆಗೆ ಒಬ್ಬನೇ ಸಿರುಗುಪ್ಪಕ್ಕೆ. ಎದೆ ಬಡಿದುಕೊಂಡರೂ ಬಸ್ಸಿಂದ ಇಳಿಯಬಾರದು, ಆ ಬಡಿತ ಕಡಿಮೆ ಆಗುವವರೆಗೆ ಕಾಯಬೇಕು ಅನ್ನುವುದೇ ಷರತ್ತು. ನಡುವೆ ಎರಡು ಹೆಜ್ಜೆ ಹಿಂದೆ ಹೋದ, ಮತ್ತೆ ಮುಂದೆ ಬಂದ. ಈ ಕೆಲಸ ಹಾಗೇ ನಡೆಯುತ್ತದೆ.

ಮಂಕು ಕವಿದವರಿಗೆ ಬೇರೆ ದಾರಿ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಅನ್ನುತ್ತಾರೆ. ನಾನು ಉಲ್ಟಾ ಮಾಡಿಸುತ್ತೇನೆ. ಮೊದಲು ಒಂದು ಸಣ್ಣ ಕೆಲಸ, ಮನಸ್ಸು ಹಿಂದಿಂದ ಬರುತ್ತದೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕುವುದು, ಬಿಟ್ಟಿದ್ದ ಭಜನೆಗೆ ವಾರಕ್ಕೊಮ್ಮೆ ಹೋಗುವುದು. ಮಗನನ್ನು ಕಳೆದುಕೊಂಡ ತಾಯಿಗೆ ಮಾತ್ರ ಇದನ್ನು ತಕ್ಷಣ ಹೇಳುವುದಿಲ್ಲ. "ಆಗಿದ್ದು ಆಯಿತು, ಮರೆತುಬಿಡು" ಅಂತ ಊರೆಲ್ಲ ಹೇಳಿರುತ್ತದೆ. ಅವರಿಗೆ ಮಗನ ಹೆಸರು ಹೇಳಿ ಮಾತಾಡುವವರು ಬೇಕು. ಅವನಿಗೆ ಏನು ಇಷ್ಟ ಇತ್ತು ಅಂತ ಕೇಳುತ್ತೇನೆ. ಅಳುವಾಗ ತಡೆಯುವುದಿಲ್ಲ.

ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ, ಬಹಳ ಜನರಿಗೆ ಆ ಪ್ರಶ್ನೆಯೇ ಹಗುರ ಮಾಡುತ್ತದೆ. ಹೌದು ಅಂದರೆ ಅವತ್ತೇ ಮನೆಯವರನ್ನು ಕೂಡಿಸಿ, ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಮನೆಯಲ್ಲಿ ಇರಬಾರದು, ಬೇರೆಯವರ ಹತ್ತಿರ ಬೀಗದಲ್ಲಿ ಇರಲಿ ಅಂತ ಹೇಳುತ್ತೇನೆ. ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡುತ್ತೇನೆ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತಿಳಿಸುತ್ತೇನೆ: ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಮೊದಲು ನೋಡುತ್ತದೆ, ಅವರ ಆರೈಕೆ ಸರ್ಕಾರದ ಹೊಣೆ.

ಹರಕೆ, ದರ್ಗಾ, ಹುಲಿಗೆಮ್ಮನ ಗುಡಿ ಅಂದರೆ ಬೇಡ ಅನ್ನುವುದಿಲ್ಲ. ಡಾಕ್ಟರ್ ಕೊಟ್ಟ ಗುಳಿಗೆ ಬಿಡಬೇಡಿ, ಯಾರನ್ನೂ ಕಟ್ಟಿಹಾಕಬೇಡಿ. ಈ ಎರಡು ಮಾತಿಗೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತೇನೆ.

ಚೇತರಿಸಿಕೊಂಡವರನ್ನು ಒಮ್ಮೆಲೇ ಬಿಡುವುದಿಲ್ಲ. ನಾಟಿ, ಮೆಣಸಿನಕಾಯಿ ಬಿಡಿಸುವ ಕೆಲಸ ನೋಡಿಕೊಂಡು ಭೇಟಿ ದೂರ ದೂರ ಇಡುತ್ತೇನೆ, ನಡುವೆ ಫೋನ್ ಮಾಡುತ್ತೇನೆ. ಕೊನೆಯ ಸಲ ಒಂದು ಚೀಟಿ ಇಬ್ಬರೂ ಕೂತು ಬರೆಯುತ್ತೇವೆ. ಮತ್ತೆ ಕುಗ್ಗುವಾಗ ಮೊದಲು ಏನು ಕಾಣುತ್ತದೆ, ಅದನ್ನು ಮನೆಯಲ್ಲಿ ಯಾರು ಗುರುತಿಸುತ್ತಾರೆ, ಆಗ ಯಾರಿಗೆ ಫೋನ್ ಮಾಡಬೇಕು. ಓದಲು ಬರದವರಿಗೆ ಅದನ್ನೇ ಮೊಬೈಲಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿಕೊಡುತ್ತೇನೆ.